ದೊಡ್ಡಿಯ ಬಾಗಿಲಲ್ಲಿ ಕರೆದವನು

ಪೂಜ್ಯ ಸೂಗಪ್ಪ ತಾತನವರಿಗೆ ಮಠವಿರಲಿಲ್ಲ. ಪೀಠ, ಪಲ್ಲಕ್ಕಿ, ಪಾದುಕೆ ಯಾವುದೂ ಇರಲಿಲ್ಲ. ಹುಣಸೆದಿನ್ನಿ ಊರಿನ ಹೊರಗೆ, ಕಾಲುವೆಗೆ ಹೋಗುವ ಹಾದಿಯ ಪಕ್ಕದಲ್ಲಿ, ಹಿಂದಿನ ಕಾಲದ ದನದ ದೊಡ್ಡಿಯೊಂದಿತ್ತು. ಬೆಳೆಗೆ ನುಗ್ಗಿದ ದನಗಳನ್ನು ಹಿಡಿದು ತಂದು ಕೂಡಿಹಾಕುತ್ತಿದ್ದ ಜಾಗ ಅದು. ನಾಲ್ಕು ಕಡೆ ಆಳೆತ್ತರದ ಕಲ್ಲಿನ ಗೋಡೆ, ಒಂದು ಬಾಗಿಲು, ಮೇಲೆ ಬಯಲು. ಊರಿನವರು ಅದನ್ನು ಕೈಬಿಟ್ಟು ಬಹಳ ವರ್ಷಗಳಾದ ಮೇಲೆ ತಾತನವರು ಒಂದು ಮೂಲೆಗೆ ತಗಡು ಹೊದಿಸಿ, ಕಂಬಳಿ ಹಾಸಿಕೊಂಡು ನೆಲೆಸಿದರು. ಬಾಗಿಲಿನ ಮರ ಆಗಲೇ ಗೆದ್ದಲು ಹಿಡಿದು ಹೋಗಿತ್ತು. ಹೊಸದನ್ನು ಮಾಡಿಸಿಕೊಡುತ್ತೇವೆಂದು ಬಂದ ಭಕ್ತರಿಗೆ ಅವರು ಬೇಡವೆಂದರು. ಇಲ್ಲೇಕೆ ಇದ್ದೀರಿ ಎಂದು ಕೇಳಿದವರಿಗೆ ಅವರದು ಒಂದೇ ಉತ್ತರ.

"ನಾನೂ ತಪ್ಪಿಸಿಕೊಂಡ ದನಾನ ಅಪ್ಪಾ. ನನ್ನ ಒಡೆಯ ಬಂದು ಕರೆಯೂ ತನಕ ಇಲ್ಲೇ ಇರಬೇಕು."

ಜನ ನಗುತ್ತಿದ್ದರು. ತಾತನವರೂ ನಗುತ್ತಿದ್ದರು. ಆದರೆ ಆ ಮಾತಿನ ಹಿಂದೆ ದೊಡ್ಡಿಯ ಹಳೆಯ ಕಟ್ಟಳೆಯೊಂದಿತ್ತು. ಒಂದೇ ಎತ್ತನ್ನು ಇಬ್ಬರು ತಮ್ಮದೆಂದು ವಾದಿಸಿದರೆ ಊರಿನ ಹಿರಿಯರು ಸಾಕ್ಷಿ ಕೇಳುತ್ತಿರಲಿಲ್ಲ. ಇಬ್ಬರನ್ನೂ ಸರದಿಯಂತೆ ಬಾಗಿಲಲ್ಲಿ ನಿಲ್ಲಿಸಿ ಕರೆಯಲು ಹೇಳುತ್ತಿದ್ದರು. ಒಳಗೆ ಕಾಲಿಡಬಾರದು, ಹಗ್ಗ ಹಾಕಬಾರದು, ಕೋಲು ತೋರಿಸಬಾರದು. ಯಾರ ಕರೆಗೆ ಎತ್ತು ಹೊರಗೆ ಬರುತ್ತದೋ ಎತ್ತು ಅವರದು. ದೊಡ್ಡಿ ಪಾಳುಬಿದ್ದ ಮೇಲೂ ಈ ಕಟ್ಟಳೆಯನ್ನು ಊರು ಮರೆತಿರಲಿಲ್ಲ.

ತಾತನವರ ಜೋಳಿಗೆಗೆ ಬಿದ್ದ ರೊಟ್ಟಿಯಲ್ಲಿ ಮೊದಲ ಪಾಲು ಬೀದಿನಾಯಿಗಳಿಗೆ ಹೋಗುತ್ತಿತ್ತು. ಅವರು ನಾಯಿಗಳನ್ನು ಕರೆಯುತ್ತಿರಲಿಲ್ಲ, ಗದರುತ್ತಲೂ ಇರಲಿಲ್ಲ. ರೊಟ್ಟಿ ಮುರಿದು ನೆಲದ ಮೇಲಿಟ್ಟು ಬೇರೆ ಕಡೆಗೆ ಮುಖ ಮಾಡಿ ಕುಳಿತುಬಿಡುತ್ತಿದ್ದರು. ಒಂದರ ಮೇಲೊಂದು ಬೀಳುವ ಆ ನಾಯಿಗಳು ದೊಡ್ಡಿಯ ಒಳಗೆ ಮಾತ್ರ ಸಾಲಾಗಿ ಮಲಗಿ ಕಾಯುವುದನ್ನು ಊರಿನ ಅನೇಕರು ಕಂಡಿದ್ದಾರೆ. ಇದನ್ನು ಪವಾಡವೆಂದು ಹೇಳುವವರಿದ್ದಾರೆ. ತಾತನವರು ಹಾಗೆ ಹೇಳಲಿಲ್ಲ. ಕಾದ ನಾಯಿಗೆ ಮೊದಲು ಕೊಡುತ್ತಿದ್ದರು, ನುಗ್ಗಿದ ನಾಯಿಗೆ ಅದು ಹಿಂದೆ ಸರಿದು ಕುಳಿತ ಮೇಲೆ ಕೊಡುತ್ತಿದ್ದರು. ಅಷ್ಟೇ.

ಆ ಸೀಮೆಯಲ್ಲಿ ಆಗ ಹತ್ತಿಯ ಜಿನ್ನಿಂಗ್ ಮಿಲ್ಲುಗಳು ಬಹಳ. ಅಂಗಳದಲ್ಲಿ ಹತ್ತಿಯ ರಾಶಿ ಬಿದ್ದಿರುತ್ತಿತ್ತು. ಕಾಯಲು ನಾಯಿ ಬೇಕಿತ್ತು. ಅಮರೇಶಪ್ಪ ಅಂಥ ಒಂದು ಮಿಲ್ಲಿನ ಕಾವಲುಗಾರ. ನಾಯಿಯನ್ನು ಹದಕ್ಕೆ ತರುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂಬ ಹೆಸರಿತ್ತು. ಸುತ್ತಲಿನವರು ಮರಿಗಳನ್ನು ತಂದು ಅವನ ಬಳಿ ಬಿಡುತ್ತಿದ್ದರು. ಅವನು ಕಾಯಿಸಿದ ಕುಡುಗೋಲಿನಿಂದ ಮರಿಯ ಕಿವಿಗಳನ್ನು ಕತ್ತರಿಸುತ್ತಿದ್ದ. ನುಚ್ಚಿನಲ್ಲಿ ಖಾರದ ಪುಡಿ ಕಲಸಿ ತಿನ್ನಿಸುತ್ತಿದ್ದ. ಹಗಲೆಲ್ಲ ಕತ್ತಲೆಯ ಕೋಣೆಯಲ್ಲಿ ಕಟ್ಟಿಹಾಕುತ್ತಿದ್ದ. ಇಷ್ಟನ್ನು ಬೇರೆಯವರೂ ಮಾಡುತ್ತಿದ್ದರು. ಅಮರೇಶಪ್ಪನದೇ ಆದ ಪದ್ಧತಿ ಇನ್ನೊಂದಿತ್ತು. ತಪ್ಪು ಮಾಡಿದ ನಾಯಿಯನ್ನು ಅವನು ಬೆನ್ನಟ್ಟಿ ಹೊಡೆಯುತ್ತಿರಲಿಲ್ಲ. ನಿಂತಲ್ಲೇ ನಿಂತು ಹೆಸರು ಹಿಡಿದು ಕರೆಯುತ್ತಿದ್ದ. ನಾಯಿ ಕಾಲ ಬಳಿಗೆ ಬಂದ ಮೇಲೆ ಹೊಡೆಯುತ್ತಿದ್ದ.

"ಕರದು ಹೊಡೀಬೇಕು. ಆಗ ಹೆಸರು ಕೇಳಿದ್ರ ಸಾಕು, ನಡುಗತೈತಿ," ಎಂದು ಮರಿ ತಂದವರಿಗೆ ವಿವರಿಸುತ್ತಿದ್ದ.

ಮನೆಯಲ್ಲಿ ಅವನದೇ ಒಂದು ನಾಯಿಯಿತ್ತು, ಕೆಂಚ. ಅದನ್ನೂ ಹೀಗೆಯೇ ಬೆಳೆಸಿದ್ದ. ಅವನು "ಕೆಂಚಾ" ಎಂದೊಡನೆ ಅದು ಕಾಲ ಬಳಿಗೆ ಬಂದು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ನೋಡಿದವರು ಅದನ್ನು ಒಳ್ಳೆಯ ಶಿಸ್ತು ಎಂದು ತಿಳಿದು ಹೊಗಳುತ್ತಿದ್ದರು.

ಮಿಲ್ಲಿಗೆ ಹೋಗುವ ಹಾದಿಯಲ್ಲಿ ದೊಡ್ಡಿ ಸಿಗುತ್ತಿತ್ತು. ಅಮರೇಶಪ್ಪನಿಗೆ ಸಾಧುಗಳೆಂದರೆ ಆಗದು. ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, "ತಾತಾ, ನಿನ್ನ ಶಿಷ್ಯರಿಗೆ ಬಾಲ ಅದಾವ, ಹಲ್ಲಿಲ್ಲ. ಒಬ್ಬನ್ನ ನನ್ನ ಹಂತ್ಯಾಕ ಕಳಸು, ಹದಾ ಮಾಡಿ ಕೊಡ್ತೀನಿ," ಎಂದು ಹಂಗಿಸುತ್ತಿದ್ದ.

"ನನ್ನ ಹದಾನ ಇನ್ನಾ ಆಗಿಲ್ಲಪ್ಪಾ," ಎನ್ನುತ್ತಿದ್ದರು ತಾತನವರು. "ಮೊದಲ ನಾ ಆಗ್ತೀನಿ. ಆಮ್ಯಾಲೆ ಅವು."

ಅಮರೇಶಪ್ಪನಿಗೂ ಅವನ ಹೆಂಡತಿ ಗೌರಮ್ಮನಿಗೂ ಒಬ್ಬಳೇ ಮಗಳು, ಮಾದೇವಿ. ಮೂರನೆಯ ತರಗತಿ ಮುಗಿಸಿದ್ದಳು. ಆ ವರ್ಷ ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ಅವಳು ತೀರಿಕೊಂಡಳು. ಕೆಂಚ ಹಗ್ಗ ಬಿಚ್ಚಿಕೊಂಡು ಕಾಲುವೆಯ ಏರಿಯ ಮೇಲೆ ಓಡಿತ್ತು; ಹುಡುಗಿ ಹಿಡಿಯಲು ಹೋಗಿದ್ದಳು; ನಾಯಿ ಅವಳನ್ನು ನೀರಿಗೆ ಎಳೆದುಕೊಂಡು ಹೋಯಿತು. ಅಮರೇಶಪ್ಪ ಊರಿಗೆ ಹೇಳಿದ್ದು ಇಷ್ಟು. ಕಾಲುವೆಯ ಎರಡೂ ಬದಿ ಕಲ್ಲುಹಾಸಿನ ಇಳಿಜಾರು, ಅದರ ಮೇಲೆ ಪಾಚಿ. ದೊಡ್ಡವರಿಗೂ ಅಲ್ಲಿ ಕಾಲು ನಿಲ್ಲುವುದಿಲ್ಲ. ನಾಯಿ ಈಜಿ ಮುಂದೆ ಎಲ್ಲೋ ದಡ ಹತ್ತಿತು. ಮಾದೇವಿ ಕೆಳಗಿನ ತೂಬಿನ ಬಳಿ ಸಿಕ್ಕಳು. ಹಗ್ಗದ ತುದಿ ಅವಳ ಅಂಗೈಗೆ ಎರಡು ಸುತ್ತು ಸುತ್ತಿತ್ತು. ನಾಯಿಯ ಕಡೆಯ ತುದಿ ಹರಿದಿತ್ತು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಕೆಂಚ ದೊಡ್ಡಿಯಲ್ಲಿದೆ ಎಂಬ ಸುದ್ದಿ ಬಂತು. ಅಮರೇಶಪ್ಪ ಮನೆಯಲ್ಲಿದ್ದ ಕಬ್ಬಿಣದ ಹಾರೆ ತೆಗೆದುಕೊಂಡು ಹೊರಟ. ತಡೆಯಲು ಹೋದ ನಾಲ್ಕಾರು ಜನ ಹಿಂದೆಯೇ ಬಂದರು. ಈ ಪ್ರಸಂಗ ನಮಗೆ ಉಳಿದಿರುವುದು ಅವರು ಹೇಳಿದ್ದರಿಂದ.

ತಾತನವರು ಕಂಬಳಿಯ ಹರಕು ಹೊಲಿಯುತ್ತಿದ್ದರು. ಕೆಂಚ ಒಳಗಿನ ಮೂಲೆಯಲ್ಲಿತ್ತು. ಕೊರಳಲ್ಲಿ ಹರಿದ ಹಗ್ಗದ ಗೇಣುದ್ದ ತುಂಡು ಇನ್ನೂ ಇತ್ತು.

"ತಾತಾ, ಆ ನಾಯಿ ನಂದು. ಹೊರಗ ಹಾಕು."

"ಯಾತಕಪ್ಪಾ?"

"ಕೊಲ್ಲಾಕ. ಮತ್ತ್ಯಾತಕ? ಪೂಜಿ ಮಾಡಾಕ ಒಯ್ತೀನಾ?" ಅವನು ಹಾರೆಯ ತುದಿಯನ್ನು ನಾಯಿಯ ಕಡೆ ಚಾಚಿದ. "ನನ್ನ ಕೂಸು ಮುಳುಗೂ ಹೊತ್ತಿಗೆ ನಿನ್ನ ದೇವರು ಎಲ್ಲಿದ್ದ? ಈ ನಾಯಿಗೆ ಬಾಗಲಾ ತಕ್ಕೊಂಡು ಕುಂತಿದ್ನೇನು?"

"ಅಮರೇಶಪ್ಪಾ, ತಾತಗ ಹಂಗ ಅನಬ್ಯಾಡೋ," ಎಂದು ಹಿಂದಿನಿಂದ ಯಾರೋ ಅಂದರು.

ತಾತನವರು ಸೂಜಿಯನ್ನು ಕಂಬಳಿಗೆ ಚುಚ್ಚಿಟ್ಟು ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ನಾಯಿ ನಿಂದಾ?"

"ನಂದು."

"ಹಂಗಾರ ದೊಡ್ಡಿ ಕಟ್ಟಳಿ ನಿನಗ ಗೊತ್ತೈತಿ. ಹಾರಿ ಗ್ವಾಡಿಗೆ ಹಚ್ಚಿಡು. ಬಾಗಲದಾಗ ನಿಂತು ಕರಿ. ಬಂದ್ರ ಒಯ್ಯಿ. ನಾ ಬ್ಯಾಡ ಅನ್ನೂದಿಲ್ಲ."

ಬಂದ ಜನ ಬೆಚ್ಚಿದರು. ಶರಣು ಬಂದ ಪ್ರಾಣಿಯನ್ನು ತಾತನವರು ಕೊಲ್ಲಲು ಕೊಡುವರೆಂದು ಯಾರೂ ಎಣಿಸಿರಲಿಲ್ಲ. ಅಮರೇಶಪ್ಪ ಹಾರೆಯನ್ನು ಹೊರಗಿನ ಗೋಡೆಗೆ ಒರಗಿಸಿದ. ತನ್ನ ಕರೆಗೆ ಬಾರದ ನಾಯಿ ಇಲ್ಲವೆಂದೇ ಅವನ ನಂಬಿಕೆ. ಬಾಗಿಲ ನಡುವೆ ನಿಂತು ಕರೆದ.

"ಕೆಂಚಾ!"

ನಾಯಿಯ ಅರ್ಧ ಕಿವಿಗಳು ತಲೆಗೆ ಅಂಟಿಕೊಂಡವು. ಅದು ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿತು.

"ಕೆಂಚಾ! ಬಾ ಇಲ್ಲಿ!"

ಅದು ಹೊಟ್ಟೆಯನ್ನು ನೆಲಕ್ಕೆ ಒತ್ತಿತು. ಕೆಳಗಿನ ಮಣ್ಣು ಒದ್ದೆಯಾಯಿತು. ಅಮರೇಶಪ್ಪ ಇನ್ನೂ ಗಟ್ಟಿಯಾಗಿ ಕೂಗಿದ. ನಾಯಿ ಒಮ್ಮೆಗೇ ಎದ್ದು ಗೋಡೆಯನ್ನು ಹತ್ತಲು ನೋಡಿತು. ಆಳೆತ್ತರದ ಗೋಡೆ, ಹತ್ತಲಾಗಲಿಲ್ಲ. ಜಾರಿ ಬಿತ್ತು, ಮತ್ತೆ ಹಾರಿತು. ಉಗುರುಗಳು ಕಲ್ಲನ್ನು ಕೆರೆಯುವ ಸದ್ದು ದೊಡ್ಡಿಯ ತುಂಬ ಕೇಳಿಸಿತು.

ತಾತನವರು ಅವನ ಪಕ್ಕಕ್ಕೆ ಬಂದು ನಿಂತರು. ಬಹಳ ಮೆಲ್ಲಗೆ ಕೇಳಿದರು.

"ಅವತ್ತು ಏರಿ ಮ್ಯಾಲೂ ಹಿಂಗ ಕರದೇನಪ್ಪಾ?"

ನಾಯಿ ಗೋಡೆಯನ್ನು ಕೆರೆಯುತ್ತಲೇ ಇತ್ತು. ಅಮರೇಶಪ್ಪ ಅದನ್ನು ನೋಡುತ್ತ ನಿಂತ. ಆಮೇಲೆ ಬಾಗಿಲ ಕಲ್ಲಿನ ಮೇಲೆ ಕುಳಿತ.

"ಹಿಡದಿದ್ಲು ತಾತಾ," ಎಂದ. "ಹಗ್ಗ ಆಕೀ ಕೈಯಾಗಿತ್ತು. ನಾಯಿ ಸುಮ್ಮನ ಆಕೀ ಮಗ್ಗಲಾಗ ನಿಂತಿತ್ತು. ಮನೀಗೆ ಬರಾಕ ಹತ್ತಿದ್ರು ಇಬ್ಬರೂ. ನಾನ... ಬಿಚಗೊಂಡು ಓಡೇತಿ, ಎರಡು ಬಾರಸೂಣಂತ, ನಾನ ಕರದೆ."

ತಾತನವರು ಅವನ ಪಕ್ಕದಲ್ಲಿ ಅದೇ ಕಲ್ಲಿನ ಮೇಲೆ ಕುಳಿತರು. ಅವರು ಕರ್ಮದ ಮಾತು ಆಡಲಿಲ್ಲ. ಮಗು ಶಿವನ ಪಾದ ಸೇರಿತು ಎನ್ನಲಿಲ್ಲ. ನಿನ್ನ ತಪ್ಪಲ್ಲ ಎಂದೂ ಅನ್ನಲಿಲ್ಲ.

"ಕೂಸು ಇನ್ನ ಬರೂದಿಲ್ಲ," ಎಂದರು. "ಅದಕ್ಕ ನನ್ನ ಹತ್ರ ಏನೂ ಇಲ್ಲ. ಇದು ಬರಬಹುದು. ಬರೂ ತನಕ ಕೂಡು."

ಅಮರೇಶಪ್ಪ ಕುಳಿತ. ಮೊದಲ ದಿನಗಳಲ್ಲಿ ಅವನು ಹೋಗಲು ಬೇರೆ ಜಾಗವಿಲ್ಲದೆ ಕುಳಿತನೆಂದೇ ಹೇಳಬೇಕು. ಗೌರಮ್ಮ ಮನೆ ಬಿಟ್ಟು ಅದೇ ಊರಿನಲ್ಲಿದ್ದ ಅಣ್ಣನ ಮನೆಗೆ ಹೋಗಿದ್ದಳು. ಮಿಲ್ಲಿನ ಕೆಲಸಕ್ಕೆ ಅವನು ಮತ್ತೆ ಹೋಗಲಿಲ್ಲ.

ತಾತನವರು ಕಲಿಸಿದ್ದು ಬಹಳ ಕಡಿಮೆ ಮಾತಿನಲ್ಲಿ. "ಆ ಹೆಸರು ಬಿಡು. ಅದರಾಗ ಪೆಟ್ಟು ತುಂಬ್ಯಾವ," ಎಂದರು ಒಂದು ದಿನ. "ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ. ಬೆನ್ನು ತಿರುವಿ ಕೂಡು," ಎಂದರು ಇನ್ನೊಂದು ದಿನ. ಅವನು ರೊಟ್ಟಿಯ ಚೂರನ್ನು ದೂರದಲ್ಲಿಟ್ಟು ಬಂದು ಬಾಗಿಲಲ್ಲಿ ಬೆನ್ನು ತಿರುವಿ ಕೂರುತ್ತಿದ್ದ. ಅವನು ಅಲ್ಲಿರುವ ತನಕ ನಾಯಿ ಅದನ್ನು ಮುಟ್ಟುತ್ತಿರಲಿಲ್ಲ. ಎಷ್ಟೋ ದಿನಗಳಾದ ಮೇಲೆ ಹಿಂದಿನಿಂದ ರೊಟ್ಟಿ ಕಡಿಯುವ ಸಪ್ಪಳ ಕೇಳಿಸಿತು. ಅವನು ತಿರುಗಲು ಹೋದ. ತಾತನವರು ಅವನ ಭುಜದ ಮೇಲೆ ಕೈಯಿಟ್ಟು ತಡೆದರು.

ಊರಿನ ಹೆಂಗಸರು ತಾತನವರಿಗೆ ರೊಟ್ಟಿ ತರುತ್ತಿದ್ದರು. ಗೌರಮ್ಮನೂ ತರುತ್ತಿದ್ದಳು. ಬಾಗಿಲಲ್ಲಿ ಕುಳಿತ ಗಂಡನ ಮಗ್ಗುಲಿಂದ ಸರಿದು ಒಳಗೆ ಹೋಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವನು ಮೊದಮೊದಲು "ಗೌರೀ" ಎಂದು ಕರೆದದ್ದುಂಟು. ಅವಳ ಹೆಗಲು ಬಿಗಿಯುತ್ತಿತ್ತು, ಹೆಜ್ಜೆ ಜೋರಾಗುತ್ತಿತ್ತು. ಕೆಲವು ದಿನಗಳ ಮೇಲೆ ಅವನು ಕರೆಯುವುದನ್ನು ಬಿಟ್ಟ.

ಒಂದು ಬೆಳಿಗ್ಗೆ ಅವಳು ರೊಟ್ಟಿಯ ಬುಟ್ಟಿಯನ್ನು ತಾತನವರ ಮುಂದಿಟ್ಟು, ಅಲ್ಲೇ ನೆಲದ ಮೇಲೆ ಕಾಲು ಮಡಚಿ ಕುಳಿತಳು. ಅಂಗೈಯಿಂದ ಮಣ್ಣನ್ನು ಮೆಲ್ಲಗೆ ತಟ್ಟಿದಳು, ಮಗುವನ್ನು ಮಲಗಿಸುವಾಗ ತಟ್ಟುವ ಹಾಗೆ. ಮೂಲೆಯಲ್ಲಿದ್ದ ಕೆಂಚ ತಲೆಯೆತ್ತಿತು. ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತಿತು. ಅವಳು ಕೈಯಲ್ಲಿದ್ದ ಚೂರನ್ನು ಅದು ಕುಳಿತ ಕೂಡಲೇ ಕೊಟ್ಟಳು.

ಅಮರೇಶಪ್ಪ ನೋಡುತ್ತಿದ್ದ. ಇದನ್ನು ಅವನು ಎಂದೂ ಕಂಡಿರಲಿಲ್ಲ.

"ಯಾರು ಕಲಿಸಿದ್ರವ್ವಾ ಇದಕ್ಕ?" ಎಂದು ತಾತನವರು ಕೇಳಿದರು.

"ಆಕಿ," ಎಂದಳು ಗೌರಮ್ಮ. "ಇವರು ಮಿಲ್ಲಿಗೆ ಹೋದ ಮ್ಯಾಲೆ ಕತ್ತಲಕ್ವಾಣಿ ಬಾಗಲಾ ತಗೀತಿದ್ಲು. ತಾನು ಉಣ್ಣೂದ್ರಾಗ ಅರ್ಧಾ ಇದಕ್ಕ. ಹಿಂಗ ನೆಲಾ ಬಡದ್ರ ಬರ್ತಿತ್ತು. ಏರಿ ಮ್ಯಾಲೂ ಹಿಂಗ ಬಡದ ಹಿಡದಾಳ. ಬಟ್ಟಿ ಒಗಿಯವರು ನೋಡ್ಯಾರ."

ಗಂಡನ ಕಡೆ ನೋಡದೆ ಬುಟ್ಟಿ ಎತ್ತಿಕೊಂಡು ಹೋದಳು.

ಆ ದಿನ ಅವನು ಊಟ ಮಾಡಲಿಲ್ಲ. ತಾತನವರು ಒತ್ತಾಯ ಮಾಡಲಿಲ್ಲ. ಮರುದಿನ ಅವನಿಗೆ ತಾಳ್ಮೆ ತಪ್ಪಿತು. ಮಗಳಿಗೆ ಬಂದದ್ದು, ಹೆಂಡತಿಗೆ ಬಂದದ್ದು ತನಗೇಕೆ ಬಾರದು ಎಂಬ ಹಟ ಹುಟ್ಟಿ, ರೊಟ್ಟಿ ತಿನ್ನುತ್ತಿದ್ದ ನಾಯಿಯ ಕೊರಳ ಹಗ್ಗಕ್ಕೆ ಕೈಹಾಕಿದ. ಅದು ಗುರುಗುಟ್ಟಿತು. ಅವನು ಬಿಡಲಿಲ್ಲ. ಅದು ಮುಂಗೈಯನ್ನು ಕಚ್ಚಿತು. ಅವನ ಇನ್ನೊಂದು ಕೈ ತಾನಾಗಿ ಮೇಲೆದ್ದಿತು.

"ಗುರ್ ಅಂದದ್ದು ಕೇಳಿತಾ?" ಎಂದರು ತಾತನವರು.

ಎದ್ದ ಕೈ ಅಲ್ಲೇ ನಿಂತಿತು. "ಕೇಳ್ತು."

"ಅದು ಬ್ಯಾಡ ಅಂತು. ಅದರ ಬಾಯಾಗ ಇರೂದು ಅದೊಂದ ಮಾತು. ಅದಕ್ಕೂ ಹೊಡದ್ರ, ನಾಳೆ ಹೇಳದನ ಕಚ್ಚತೈತಿ."

ಅವರು ಮಂತ್ರ ಹಾಕಲಿಲ್ಲ, ಬೂದಿ ಹಚ್ಚಲಿಲ್ಲ. ಗಾಯವನ್ನು ಸೋಪು ಹಚ್ಚಿ ಬಹಳ ಹೊತ್ತು ಹರಿಯುವ ನೀರಿನಲ್ಲಿ ತೊಳೆಸಿ, ಬಂದ ಮೊದಲ ಬಸ್ಸಿಗೆ ಅವನನ್ನು ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಸೂಜಿ ಹಾಕಿಸಿಕೊಂಡು ಅವನು ಸಂಜೆಯ ಹೊತ್ತಿಗೆ ಹಿಂದಿರುಗಿದ. ರೊಟ್ಟಿಯ ಚೂರನ್ನು ಮೊದಲ ದಿನ ಇಟ್ಟಷ್ಟೇ ದೂರದಲ್ಲಿಟ್ಟು, ಬೆನ್ನು ತಿರುವಿ ಕುಳಿತ. ಅಂದಿನಿಂದ ಅವನು ಯಾವುದಕ್ಕೂ ಅವಸರ ಮಾಡಿದ್ದನ್ನು ಯಾರೂ ಕಾಣಲಿಲ್ಲ.

ಕಾಲುವೆಯ ನೀರು ನಿಂತಿತು. ಹತ್ತಿ ಬಿಡಿಸುವ ಕಾಲ ಬಂದು ಹೋಯಿತು. ಗೋಡೆಗೆ ಒರಗಿಸಿದ್ದ ಹಾರೆ ತುಕ್ಕು ಹಿಡಿದು, ಅದರ ಬುಡದಲ್ಲಿ ಹುಲ್ಲು ಬೆಳೆದು ಒಣಗಿತು. ನಾಯಿ ಅವನ ಹಿಂದೆ ಒಂದು ಮಾರು ದೂರದಲ್ಲಿ ತಿನ್ನಲು ಕಲಿತಿತ್ತು. ಆಮೇಲೆ ತೋಳಿನಷ್ಟು ದೂರ. ಅವನು ಅಂಗೈಯನ್ನು ನೆಲದ ಮೇಲೆ ಮೇಲ್ಮುಖವಾಗಿ ಬಿಟ್ಟು ಕುಳಿತರೆ, ಬಂದು ಮೂಸಿ ಹೋಗುತ್ತಿತ್ತು. ತಲೆಯ ಮೇಲಿಂದ ಕೈ ತರಬಾರದು, ಗದ್ದದ ಕೆಳಗಿನಿಂದ ತರಬೇಕು ಎಂದು ಅವನಿಗೆ ನಾಯಿಯೇ ಕಲಿಸಿತು. ಕಾಲುವೆಗೆ ಮತ್ತೆ ನೀರು ಬಿಡುತ್ತಾರೆಂದು ಡಂಗುರ ಸಾರಿದ ದಿನ, ತಾತನವರು ಹೇಳಿದರು:

"ಇವತ್ತು ಬಾಗಲದಾಗ ನಿಂತು ಕರಿ."

ಅವನು ನಿಲ್ಲಲಿಲ್ಲ. ಬಾಗಿಲ ಹೊರಗೆ ಹೋಗಿ ನೆಲದ ಮೇಲೆ ಕುಳಿತ. ಕುಳಿತಾಗ ಅವನ ಎತ್ತರ ಒಂದು ಮಗುವಿನಷ್ಟಿತ್ತು. ಬಹಳ ಹೊತ್ತು ಕೈ ಎತ್ತಲಾಗಲಿಲ್ಲ. ಕೊನೆಗೆ ಅಂಗೈಯಿಂದ ಮಣ್ಣನ್ನು ತಟ್ಟಿದ. ನಾಯಿ ಎದ್ದಿತು. ದೊಡ್ಡಿಯನ್ನು ದಾಟಿ, ಬಾಗಿಲ ಕಲ್ಲನ್ನು ದಾಟಿ ಬಂದು ಅವನ ಪಕ್ಕದಲ್ಲಿ ಕುಳಿತಿತು. ತಲೆಯನ್ನು ಅವನ ತೊಡೆಗೆ ಹಚ್ಚಿತು.

ತಾತನವರು ಬಾಗಿಲಲ್ಲಿ ನಿಂತಿದ್ದರು. "ಬಂತು," ಎಂದರು. "ಆಡಿದ ಮಾತಿಗೆ ತಪ್ಪೂದಿಲ್ಲ. ಒಯ್ಯಿ. ಹಾರಿ ಅಲ್ಲೇ ಐತಿ."

ಆಗ ಅಮರೇಶಪ್ಪ ಅತ್ತದ್ದು ಊರಿನ ತುದಿಯ ಮನೆಗಳಿಗೆ ಕೇಳಿಸಿತೆಂದು ಹೇಳುತ್ತಾರೆ. ಮಗಳು ಹೋದಂದಿನಿಂದ ಅವನು ಅತ್ತಿರಲಿಲ್ಲ. ನಾಯಿ ಓಡಲಿಲ್ಲ. ಅವನು ಕೊರಳ ಹಗ್ಗದ ಗಂಟನ್ನು ಗದ್ದದ ಕೆಳಗಿನಿಂದ ಬಿಚ್ಚಿ, ಆ ತುಂಡನ್ನು ತಾತನವರ ಪಾದದ ಬಳಿ ಇಟ್ಟ.

ಮುಂದೆ ಅವನು ಸಾಯುವ ತನಕ ದೊಡ್ಡಿಯ ಸೇವೆಯಲ್ಲಿದ್ದ. ಮರಿಗಳನ್ನು ಹದ ಮಾಡಿಕೊಡೆಂದು ತಂದವರಿಗೆ ಮೊದಲು ಹೇಳುತ್ತಿದ್ದ ಮಾತು ಒಂದೇ: "ಕರದು ಹೊಡೀಬ್ಯಾಡ್ರಿ. ಕೊಡೂದಿದ್ರ ಕರೀರಿ." ಕಿವಿ ಕತ್ತರಿಸುವ ಪದ್ಧತಿ ಆ ಸುತ್ತಿನಲ್ಲಿ ನಿಂತದ್ದು ಅವನಿಂದ. ಆದರೆ ಅದು ನಂತರದ ಮಾತು. ಅಂದಿನ ದಿನ ಅಷ್ಟಕ್ಕೇ ಮುಗಿಯಲಿಲ್ಲ.

"ಎಲ್ಲಿಗೆ ಒಯ್ಯಲಿ ತಾತಾ?" ಎಂದು ಅವನು ಕೇಳಿದ. "ಮನ್ಯಾಗ ಯಾರದಾರ?"

"ಗೌರವ್ವ ಅದಾಳಲ್ಲ."

"ಆಕಿ ನಾ ಕರದ್ರ ಬರೂದಿಲ್ಲ."

"ಹಂಗಾರ ಕರೀಬ್ಯಾಡ," ಎಂದರು ತಾತನವರು. ಅಂದು ಅವರು ಆಡಿದ ಕೊನೆಯ ಮಾತು ಅದು.

ಅವನು ಊರೊಳಗೆ ನಡೆದ. ಹಗ್ಗವಿಲ್ಲದ ನಾಯಿ ಜೊತೆಗೆ ನಡೆಯಿತು. ಗೌರಮ್ಮನ ಅಣ್ಣನ ಮನೆಯ ಮುಂದಿನ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತ. ಹಾದುಹೋಗುವವರು ನೋಡಿಕೊಂಡು ಹೋದರು. ಬಿಸಿಲು ಕಟ್ಟೆಯಿಂದ ಇಳಿಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿ ನಿಂತಿತು. ನಾಯಿ ಒಮ್ಮೆ ತಲೆಯೆತ್ತಿ ಅವನ ಹಿಂದಕ್ಕೆ ನೋಡಿ, ಬಾಲ ಆಡಿಸಿತು.

ಬಾಗಿಲು ತೆರೆದುಕೊಂಡಿತ್ತು. ಅವನ ಹಿಂದಿನಿಂದ ಕೈಯೊಂದು ಬಂದು ನಾಯಿಯ ಮುಂದೆ ರೊಟ್ಟಿ ಇಟ್ಟಿತು. ಅನಂತರ ಕಟ್ಟೆಯ ಆ ತುದಿಯಲ್ಲಿ ಯಾರೋ ಕುಳಿತ ಸಪ್ಪಳವಾಯಿತು. ಬಳೆಗಳು ಒಮ್ಮೆ ಅಲುಗಿ ಸುಮ್ಮನಾದವು.

ಅವನು ತಿರುಗಿ ನೋಡಲಿಲ್ಲ. ಇಷ್ಟು ಬೇಗ ನೋಡಬಾರದೆಂದು ಅವನಿಗೆ ಗೊತ್ತಿತ್ತು.